ಒಂದೇ ಬಾಗಿಲಿನ ಮನೆ, ಬಾಡಿಗೆಗೊಂದು ಖೋಲಿ

2023ರ ಮಾರ್ಚ್ ತಿಂಗಳ ಒಂದು ರಾತ್ರಿ ಬ್ಯಾಂಕಿನ ಆ್ಯಪ್‌ನಲ್ಲಿ ಗೃಹಸಾಲದ ಲೆಕ್ಕ ತೆರೆದು ನೋಡಿದೆ. ಆ ತಿಂಗಳು ಕಟ್ಟಿದ ಕಂತು 45,800 ರೂಪಾಯಿ. ಅದರಲ್ಲಿ ಬಡ್ಡಿಗೆ ಹೋಗಿದ್ದು 44,700. ಅಸಲಿಗೆ ಜಮೆಯಾಗಿದ್ದು 1,100 ರೂಪಾಯಿ. ನಾವು ಮೂವರು ಒಂದು ಭಾನುವಾರ ಹೊರಗೆ ಊಟಕ್ಕೆ ಹೋದರೆ ಆಗುವಷ್ಟು ದುಡ್ಡು. ಬಡ್ಡಿ ಹೀಗೇ ಇದ್ದು, ಕಂತೂ ಇಷ್ಟೇ ಇದ್ದರೆ ಸಾಲ ಯಾವಾಗ ತೀರುತ್ತದೆ ಎಂದು ಎಕ್ಸೆಲ್‌ನಲ್ಲಿ ಹಾಕಿ ನೋಡಿದೆ. ಇನ್ನೂ 40 ವರ್ಷ. ಆಗ ನನಗೆ 34.

ಆಗಿದ್ದು ಇಷ್ಟೇ. ಪುಣೆಯ ವಾಕಡ್‌ನಲ್ಲಿ ಮೂರು ಬೆಡ್‌ರೂಮಿನ ಫ್ಲ್ಯಾಟ್ ಕೊಂಡದ್ದು 2021ರಲ್ಲಿ. 60 ಲಕ್ಷ ಸಾಲ, 20 ವರ್ಷ, ಬಡ್ಡಿ ಶೇ 6.8. ಇಷ್ಟು ಕಡಿಮೆ ಬಡ್ಡಿ ಮತ್ತೆ ಸಿಗುವುದಿಲ್ಲ ಎಂದು ಎಲ್ಲರೂ ಹೇಳಿದರು, ನಿಜವೇ ಹೇಳಿದರು. ಆದರೆ ಅದು ರೆಪೊ ದರಕ್ಕೆ ಕಟ್ಟಿಹಾಕಿದ ಬಡ್ಡಿ ಎಂಬುದರ ಅರ್ಥ ನನಗೆ ಆದದ್ದು 2022ರ ಮೇ ತಿಂಗಳಿನಿಂದ. ಶೇ 4 ಇದ್ದ ರೆಪೊ ದರವನ್ನು ರಿಸರ್ವ್ ಬ್ಯಾಂಕ್ 2023ರ ಫೆಬ್ರುವರಿ ಹೊತ್ತಿಗೆ ಶೇ 6.5ಕ್ಕೆ ಏರಿಸಿತು. ನನ್ನ ಬಡ್ಡಿ ಶೇ 9.3 ಆಯಿತು. ಬ್ಯಾಂಕು ಕಂತು ಮುಟ್ಟಲಿಲ್ಲ, ಸದ್ದಿಲ್ಲದೆ ಅವಧಿ ಎಳೆಯುತ್ತ ಹೋಯಿತು. ಕಂತು ಹೆಚ್ಚಿಸುವುದೋ ಅವಧಿ ಹೆಚ್ಚಿಸುವುದೋ ಎಂದು ಸಾಲಗಾರನನ್ನು ಕೇಳಬೇಕು ಎಂಬ ರಿಸರ್ವ್ ಬ್ಯಾಂಕಿನ ಸೂಚನೆ ಬಂದದ್ದು 2023ರ ಆಗಸ್ಟ್‌ನಲ್ಲಿ. ಅಷ್ಟರೊಳಗೆ ನಾನೇ ಹೋಗಿ ಕೇಳಿದೆ. ಮೊದಲಿನ ಅವಧಿಯಲ್ಲೇ ಮುಗಿಯಬೇಕೆಂದರೆ ಕಂತು 55,100 ಆಗುತ್ತದೆ ಎಂದರು. ಅಂದರೆ ತಿಂಗಳಿಗೆ 9,300 ಹೆಚ್ಚು. ಮಗಳು ಹುಟ್ಟಿದ ಮೇಲೆ ಹೆಂಡತಿ ಕೆಲಸ ಬಿಟ್ಟಿದ್ದಳು. ಮನೆಗೆ ಬರುತ್ತಿದ್ದದ್ದು ಒಂದೇ ಪಗಾರ.

ಖೋಲಿಯ ಮಾತು ಎತ್ತಿದ್ದು ಅವಳೇ. "ಅತ್ತಿ ವರ್ಷಕ್ಕ ಇಪ್ಪತ್ತು ದಿನ ಬರ್ತಾರ. ಉಳಿದ ಮುನ್ನೂರ ನಲವತ್ತೈದು ದಿನ ಆ ಖೋಲ್ಯಾಗ ಇಸ್ತ್ರಿ ಮಾಡೋ ಅರಬಿ ಬಿದ್ದಿರ್ತಾವ" ಅಂದಳು. ಮೂರನೆಯ ಬೆಡ್‌ರೂಮಿನ ಕಥೆ ನಿಜಕ್ಕೂ ಅಷ್ಟೇ ಆಗಿತ್ತು. ಹಿಂಜವಡಿಯ ಹುಡುಗರು ಖೋಲಿಗಾಗಿ ಅಲೆಯುತ್ತಿದ್ದರು. ನಮ್ಮದೇ ಸೊಸೈಟಿಯಲ್ಲಿ ಒಂದು ರೂಮಿಗೆ ಹತ್ತರಿಂದ ಹನ್ನೆರಡು ಸಾವಿರ ನಡೆಯುತ್ತಿತ್ತು.

ಅವ್ವನಿಗೆ ಫೋನ್ ಮಾಡಲು ನನಗೆ ಎರಡು ದಿನ ಬೇಕಾಯಿತು. ಆ ಖೋಲಿ ಅವಳದ್ದು ಎಂದು ಗೃಹಪ್ರವೇಶದ ದಿನ ನಾನೇ ಹೇಳಿದ್ದೆ. ಬೇಜಾರು ಮಾಡಿಕೊಳ್ಳುತ್ತಾಳೆ ಎಂದುಕೊಂಡಿದ್ದವನಿಗೆ ಅವಳು ಹೇಳಿದ್ದೇ ಬೇರೆ.

"ನೀ ಇಂಜಿನಿಯರಿಂಗ್ ಕಲಿಯೋಮುಂದ ಫೀ ಎಲ್ಲಿಂದ ಬಂತು ಅಂತ ತಿಳ್ಕೊಂಡಿ? ನಿಮ್ಮಪ್ಪನ ಪಗಾರದಾಗ ಬರೇ ಮನಿ ನಡೀತಿತ್ತು. ಫೀ ಕೊಟ್ಟಾವ್ರು ಆ ಖೋಲಿ ಹುಡುಗ್ರು."

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆ. ಅಂಗಳದ ಬದಿಗೆ ಹೆಂಚು ಹೊದಿಸಿದ ಎರಡು ಖೋಲಿಗಳಿದ್ದವು. ಹುನಗುಂದ, ಗಜೇಂದ್ರಗಡ, ಸವದತ್ತಿ ಕಡೆಯಿಂದ ಕರ್ನಾಟಕ ಕಾಲೇಜಿಗೆ ಓದಲು ಬಂದ ಹುಡುಗರು ಅಲ್ಲಿರುತ್ತಿದ್ದರು. ನಮ್ಮ ಓಣಿಯಲ್ಲಿ ಖೋಲಿ ಬಾಡಿಗೆಗೆ ಕೊಡದ ಮನೆಗಳೇ ಕಡಿಮೆ. ಹುಡುಗರು ಐದನೇ ತಾರೀಖಿಗೆ ಕಟ್ಟೆಯ ಮೇಲೆ ಕೂತ ಅವ್ವನ ಕೈಗೆ ರೊಕ್ಕ ಕೊಟ್ಟು ಹೋಗುತ್ತಿದ್ದರು. ನನಗೆ ಅವರೆಲ್ಲ ಅಣ್ಣಂದಿರು, ಗಣಿತ ಹೇಳಿಕೊಡುವವರು. ಅದೊಂದು ಆದಾಯದ ಮೂಲ ಎಂದು ಯಾವತ್ತೂ ಹೊಳೆದಿರಲಿಲ್ಲ.

"ಕೊಡು, ಬ್ಯಾಡ ಅನ್ನಂಗಿಲ್ಲ" ಅಂದಳು ಅವ್ವ. "ಆದ್ರ ಬಾಗಲಾ ಬ್ಯಾರೆ ಐತೇನು?"

"ಇಲ್ಲವ್ವ. ಫ್ಲ್ಯಾಟಿಗೆ ಇರೋದು ಒಂದ ಬಾಗಲಾ."

"ಹಂಗಾರ ನೀ ಖೋಲಿ ಕೊಡಾಕತ್ತಿಲ್ಲ, ಮನೀನ ಕೊಡಾಕತ್ತಿ."

ನಕ್ಕು ಫೋನ್ ಇಟ್ಟೆ. ಆ ಮಾತು ಅರ್ಥವಾಗಲು ಹನ್ನೊಂದು ತಿಂಗಳು ಹಿಡಿಯಿತು.

ಮೊದಲು ಬಂದವನು ಗದಗ ಕಡೆಯ ಹುಡುಗ. ಸಹೋದ್ಯೋಗಿಯೊಬ್ಬರ ಸಂಬಂಧಿ, ವಯಸ್ಸು ಇಪ್ಪತ್ನಾಲ್ಕು, ಹಿಂಜವಡಿಯಲ್ಲಿ ಅಮೆರಿಕದ ಕಂಪನಿಯೊಂದಕ್ಕೆ ಸಪೋರ್ಟ್ ಕೆಲಸ. ಬಂದ ದಿನವೇ ನನ್ನನ್ನು ಅಣ್ಣಾ, ನನ್ನ ಹೆಂಡತಿಯನ್ನು ವೈನಿ ಎಂದ. 11,000 ಬಾಡಿಗೆ, ಎರಡು ತಿಂಗಳ ಡಿಪಾಜಿಟ್ 22,000, ವೈಫೈ ನಮ್ಮದು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೆನೆದು ನನ್ನ ಉದಾರತೆಗೆ ನಾನೇ ಮೆಚ್ಚಿಕೊಂಡೆ. ಕಾಗದಪತ್ರ ಮಾಡಲಿಲ್ಲ. ನಮ್ಮ ಕಡೆಯವನು, ಅದೇ ಮಾತು, ಅದೇ ರೊಟ್ಟಿ, ಕರಾರು ಯಾಕೆ?

ಹುಡುಗ ಒಳ್ಳೆಯವನೇ. ಕುಡಿಯುತ್ತಿರಲಿಲ್ಲ, ಗಲಾಟೆಯಿಲ್ಲ. ಆದರೆ ಅವನ ಶಿಫ್ಟ್ ಮುಗಿಯುತ್ತಿದ್ದದ್ದು ರಾತ್ರಿ ಎರಡೂವರೆಗೆ. ಮೂರು ಗಂಟೆಗೆ ಬಾಗಿಲು ತೆರೆಯುವ ಸದ್ದು, ಮೈಕ್ರೊವೇವ್‌ನ 'ಟಿಂಗ್', ಮಗಳು ಎದ್ದು ಅಳುವುದು. ರಾತ್ರಿ ನೀರು ಕುಡಿಯಲು ಅಡುಗೆಮನೆಗೆ ಹೋಗಬೇಕೆಂದರೆ ಹೆಂಡತಿ ದುಪಟ್ಟಾ ಹುಡುಕಬೇಕು. ಒಂದು ತಿಂಗಳಾದ ಮೇಲೆ ಅವಳು ಬೆಡ್‌ರೂಮಿನಲ್ಲೇ ನೀರಿನ ಬಾಟಲಿ ಇಟ್ಟುಕೊಳ್ಳತೊಡಗಿದಳು. ನಾವಿಬ್ಬರೂ ಜಗಳವಾಡುವುದನ್ನೂ ನಿಲ್ಲಿಸಿಬಿಟ್ಟಿದ್ದೆವು. ತೀರ ಅಗತ್ಯ ಬಿದ್ದರೆ ಪಾರ್ಕಿಂಗಿಗೆ ಇಳಿದು ಕಾರಿನಲ್ಲಿ ಕೂತು, ಗಾಜು ಏರಿಸಿ ಜಗಳವಾಡಿ ಮೇಲೆ ಬರುತ್ತಿದ್ದೆವು. ಸಪ್ತಾಪುರದ ಹುಡುಗರು ತಮ್ಮ ಬಾಗಿಲು ಹಾಕಿಕೊಂಡರೆ ಅವರ ಲೋಕ ಅವರಿಗೆ, ನಮ್ಮದು ನಮಗೆ. ಅವರ ನಳ ಅಂಗಳದಲ್ಲಿತ್ತು, ಸ್ಟೋವ್ ಅವರ ಖೋಲಿಯಲ್ಲಿತ್ತು. ಇಲ್ಲಿ ನಾನು ಬಾಡಿಗೆಗೆ ಕೊಟ್ಟದ್ದು 110 ಚದರಡಿ ಎಂದುಕೊಂಡಿದ್ದೆ. ಹಾಲ್, ಅಡುಗೆಮನೆ, ಫ್ರಿಜ್ಜಿನ ಎರಡನೇ ಅರೆ, ರಾತ್ರಿ ಹೊತ್ತಿನ ನಿಶ್ಶಬ್ದ ಎಲ್ಲವೂ ಅದರ ಜೊತೆಗೆ ಹೋಗಿದ್ದವು.

ವಿದ್ಯುತ್ ಬಿಲ್ಲಿನಲ್ಲೂ ಹೀಗೇ ಮೋಸಹೋದೆ. ಮಹಾವಿತರಣದ ಬಿಲ್ಲಿನಲ್ಲಿ 100 ಯೂನಿಟ್‌ವರೆಗೆ ಒಂದು ದರ, 101ರಿಂದ 300ರವರೆಗೆ ಇನ್ನೊಂದು, ಅದರ ಮೇಲೆ ಇನ್ನೂ ಹೆಚ್ಚು. ನಾವು 230–240 ಯೂನಿಟ್ ಬಳಸುತ್ತಿದ್ದೆವು. ಹುಡುಗ ಹಗಲು ಮಲಗುವವನು, ಬೇಸಿಗೆಯಲ್ಲಿ ಎಸಿ ಬೇಕು. ಒಟ್ಟು ಬಿಲ್ಲನ್ನು ತಲೆಗೆ ಭಾಗಿಸಿ ಅವನ ಪಾಲು ತೆಗೆದುಕೊಳ್ಳುತ್ತಿದ್ದೆ. ಆದರೆ ಅವನಿಂದಾಗಿ ಹೆಚ್ಚಾದ ಯೂನಿಟ್‌ಗಳು ಬೀಳುತ್ತಿದ್ದದ್ದು 300ರ ಮೇಲಿನ ದುಬಾರಿ ದರದಲ್ಲಿ. ಸರಾಸರಿಯಲ್ಲಿ ಹಂಚಿಕೊಂಡರೆ ನಷ್ಟ ಮನೆಯವನಿಗೇ. ಹಳೆಯ ಬಿಲ್ಲುಗಳನ್ನು ಪಕ್ಕದಲ್ಲಿಟ್ಟುಕೊಂಡು ಅವನು ಬಂದ ಮೇಲೆ ಎಷ್ಟು ಏರಿತೋ ಅಷ್ಟನ್ನು ಕೇಳುವುದೇ ಸರಿಯಾದ ಲೆಕ್ಕ. ದಿನಾ ಚಹಾ ಜೊತೆಗೆ ಕುಡಿಯುವವನ ಹತ್ತಿರ ಆ ಲೆಕ್ಕ ಬಿಚ್ಚಲು ಆಗಲಿಲ್ಲ.

2024ರ ಜನವರಿಯಲ್ಲಿ ಅವನ ಕೆಲಸ ಹೋಯಿತು. ಇಡೀ ತಂಡವನ್ನೇ ತೆಗೆದರಂತೆ. ನಮಗೆ ಹೇಳಿದ್ದು ಮೂರು ವಾರದ ನಂತರ. ಅಲ್ಲಿಯವರೆಗೆ ಶಿಫ್ಟಿಗೆ ಹೋದಂತೆ ಸಂಜೆ ಬ್ಯಾಗ್ ಹಾಕಿಕೊಂಡು ಹೊರಡುತ್ತಿದ್ದ, ಎಲ್ಲಿ ಕೂರುತ್ತಿದ್ದನೋ ಗೊತ್ತಿಲ್ಲ. ಫೆಬ್ರುವರಿ, ಮಾರ್ಚ್ ಬಾಡಿಗೆ ಡಿಪಾಜಿಟ್‌ನಲ್ಲಿ ವಜಾ ಆಯಿತು. ಏಪ್ರಿಲ್ ಐದನೇ ತಾರೀಖು ನನ್ನ ಖಾತೆಯಿಂದ 55,100 ಹೋಯಿತು, ಅವನಿಂದ ಏನೂ ಬರಲಿಲ್ಲ.

ಕೇಳುವುದು ಹೇಗೆ? ಬೆಳಿಗ್ಗೆ ಅವನು ಹಾಲ್‌ಗೆ ಬಂದರೆ ಹೆಂಡತಿ ಉಪ್ಪಿಟ್ಟಿನ ತಟ್ಟೆ ಮುಂದಿಡುತ್ತಾಳೆ. ಮಗಳು ಅವನ ಬೆನ್ನೇರುತ್ತಾಳೆ. ಅವನು ದೀಪ ಹಚ್ಚದೆ ಕತ್ತಲಲ್ಲಿ ಲ್ಯಾಪ್‌ಟಾಪ್ ಹಿಡಿದು ಅರ್ಜಿ ಹಾಕುತ್ತ ಕೂರುತ್ತಾನೆ, ಬಾಗಿಲ ಸಂದಿಯಿಂದ ಪರದೆಯ ನೀಲಿ ಬೆಳಕು ಕಾಣುತ್ತದೆ. ಬೇರೆ ಮನೆಯಲ್ಲಿದ್ದ ಬಾಡಿಗೆದಾರನಾಗಿದ್ದರೆ ಫೋನ್ ಮಾಡಬಹುದಿತ್ತು, ಮೆಸೇಜ್ ಹಾಕಬಹುದಿತ್ತು. ಒಂದು ದಿನ ಅವನ ತಂದೆ ನನಗೆ ಫೋನ್ ಮಾಡಿದರು. "ಸರ್, ಹುಡುಗನ್ನ ಹೊರಗ ಹಾಕಬ್ಯಾಡ್ರಿ. ಈ ಸಲ ಕಡ್ಲಿ ಮಾರಿದ ಕೂಡ್ಲೆ ಕಳಸ್ತೀನಿ." ಅವರ ವಯಸ್ಸು ನನ್ನ ಅಪ್ಪನದು. ನನ್ನನ್ನು ಸರ್ ಎನ್ನುತ್ತಿದ್ದರು.

ಏಪ್ರಿಲ್‌ನ ಒಂದು ಭಾನುವಾರ ನಾನೇ ಹೇಳಿದೆ: ತಿಂಗಳ ಕೊನೆಗೆ ಖೋಲಿ ಬಿಡಬೇಕು, ಬಾಕಿ ಆದಾಗ ಕೊಡು. "ಆತು ಅಣ್ಣಾ" ಅಂದ. 28ಕ್ಕೆ ಎರಡು ಬ್ಯಾಗು, ಒಂದು ಹಾಸಿಗೆ ಸುರುಳಿ ಹಿಡಿದು ಆಟೊ ಹತ್ತಿದ. ಕೀಲಿಕೈಯನ್ನು ಮಗಳ ಕೈಗೆ ಕೊಟ್ಟು ಹೋಗಿದ್ದ. ಎಂಟು ತಿಂಗಳ ನಂತರ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ ಎಂದು ಸಹೋದ್ಯೋಗಿ ಹೇಳಿದರು. ಅದೇ ವಾರ ನನ್ನ ಖಾತೆಗೆ 11,000 ರೂಪಾಯಿ ಬಂತು, ಜೊತೆಗೆ ಒಂದು ಅಕ್ಷರವೂ ಇಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿಲ್ಲ. ಇನ್ನೆರಡು ತಿಂಗಳು ಇಟ್ಟುಕೊಳ್ಳಬಹುದಿತ್ತೇ? ಲೆಕ್ಕದಲ್ಲಿ ಆಗುತ್ತಿರಲಿಲ್ಲ. ಆದರೂ ಆ ಆಟೊ ಗೇಟಿನಾಚೆ ತಿರುಗಿದ್ದು ಕಣ್ಣಿಗೆ ಕಟ್ಟಿದ ಹಾಗೆ ಇದೆ.

ಕರಾರು ಇದ್ದಿದ್ದರೆ ಅವನಿಗೆ ಕೆಲಸವೇನೂ ಸಿಗುತ್ತಿರಲಿಲ್ಲ. ಆದರೆ ಎಷ್ಟು ದಿನದ ನೋಟಿಸ್, ಬಾಕಿ ಬಿದ್ದರೆ ಏನು ಎಂಬುದನ್ನು ಮೊದಲ ದಿನವೇ ಕಾಗದ ಹೇಳಿರುತ್ತಿತ್ತು. ನಾನು ಅವನ ಮುಖ ನೋಡಿ ಹೇಳುವುದು ತಪ್ಪುತ್ತಿತ್ತು.

ಇಲ್ಲೊಂದು ವಿಷಯ ಪುಣೆ, ಮುಂಬೈ ಕಡೆಯ ನಮ್ಮವರಿಗೆ ಹೇಳಲೇಬೇಕು. ಕರ್ನಾಟಕದಲ್ಲಿ ಸ್ಟ್ಯಾಂಪ್ ಪೇಪರ್ ಮೇಲೆ 11 ತಿಂಗಳ ಕರಾರು ಬರೆದು ಸಹಿ ಹಾಕಿ, ನೋಂದಣಿ ಮಾಡಿಸದೆ ಇಟ್ಟುಕೊಳ್ಳುವುದು ನಮಗೆ ರೂಢಿ. ಮಹಾರಾಷ್ಟ್ರದಲ್ಲಿ ಅದು ನಡೆಯುವುದಿಲ್ಲ. ಇಲ್ಲಿನ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಿರಬೇಕು, ಎಷ್ಟೇ ಕಡಿಮೆ ಅವಧಿಯದಾದರೂ ಸರಿ. ಮಾಡಿಸುವ ಹೊಣೆ ಮನೆಯ ಮಾಲೀಕನದು. ಮಾಡಿಸದಿದ್ದರೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಅದಕ್ಕಿಂತ ಮುಖ್ಯವಾದದ್ದು, ಜಗಳ ಬಂದರೆ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಜ ಎಂದು ಮೊದಲು ಹಿಡಿಯುತ್ತಾರೆ, ಸುಳ್ಳೆಂದು ತೋರಿಸುವ ಕೆಲಸ ನಮ್ಮದು. ನಮ್ಮ ಹುಡುಗ ಒಳ್ಳೆಯವನಾಗಿದ್ದ ಎಂಬುದಷ್ಟೇ ನನ್ನ ಅದೃಷ್ಟ.

ಖೋಲಿ ಎರಡು ತಿಂಗಳು ಖಾಲಿ ಇತ್ತು. ಆ ಹೊತ್ತಿನಲ್ಲಿ ಮೊದಲೇ ಮಾಡಬೇಕಾಗಿದ್ದ ಇನ್ನೊಂದು ಕೆಲಸ ಮಾಡಿದೆ. ಅದೇ ಬ್ಯಾಂಕು ಹೊಸಬರಿಗೆ ಕಡಿಮೆ ಬಡ್ಡಿಗೆ ಸಾಲ ಕೊಡುತ್ತಿತ್ತು. ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸುತ್ತೇನೆ ಎಂದು ಪತ್ರ ಕೊಟ್ಟ ಮೇಲೆ ಸಣ್ಣ ಶುಲ್ಕ ತೆಗೆದುಕೊಂಡು ಶೇ 0.4 ಇಳಿಸಿದರು. ತಿಂಗಳಿಗೆ ಸುಮಾರು 1,900 ರೂಪಾಯಿ ಬಡ್ಡಿ ಉಳಿಯಿತು. ಅದಕ್ಕೆ ಯಾರ ಜೊತೆಗೂ ಫ್ರಿಜ್ ಹಂಚಿಕೊಳ್ಳಬೇಕಾಗಿರಲಿಲ್ಲ. ಖೋಲಿ ಕೊಡುವ ಯೋಚನೆಯಲ್ಲಿರುವವರು ಮೊದಲು ಬ್ಯಾಂಕಿಗೆ ಹೋಗಿ ಬರುವುದು ಒಳ್ಳೆಯದು.

ಎರಡನೆಯ ಸಲ ಹುಡುಗಿಗೇ ಕೊಡೋಣ ಎಂದಳು ಹೆಂಡತಿ. 2024ರ ಜುಲೈನಲ್ಲಿ ಬಂದವಳು ಲಾತೂರಿನವಳು, ಇಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಕನ್ನಡ ಬಾರದು, ಪರಿಚಯದವರ ಶಿಫಾರಸೂ ಇಲ್ಲ. ಈ ಸಲ ಕೆಲಸವೆಲ್ಲ ಕಾಗದದ ಪ್ರಕಾರ. ಏಜೆಂಟ್ ಬೆರಳಚ್ಚಿನ ಯಂತ್ರ ಹಿಡಿದು ಮನೆಗೇ ಬಂದ. ಆಧಾರ್, ಫೋಟೊ, ಇಬ್ಬರು ಸಾಕ್ಷಿಗಳು, ಅರ್ಧ ಗಂಟೆಯ ಕೆಲಸ. ಮುದ್ರಾಂಕ ಶುಲ್ಕ ಅಂದರೆ ಒಟ್ಟು ಬಾಡಿಗೆ ಮತ್ತು ಡಿಪಾಜಿಟ್ ಮೇಲೆ ಶೇ 10ರ ಬಡ್ಡಿ ಕೂಡಿಸಿ, ಅದರ ಶೇ 0.25. ತಿಂಗಳಿಗೆ 11,500ರಂತೆ 11 ತಿಂಗಳು, ಡಿಪಾಜಿಟ್ 25,000. ಶುಲ್ಕ ಮುನ್ನೂರು ಚಿಲ್ಲರೆ ಬಂತು. ನೋಂದಣಿ ಶುಲ್ಕ 1,000. ಏಜೆಂಟನ ಕೂಲಿ ಬೇರೆ. ಪೊಲೀಸರಿಗೆ ಬಾಡಿಗೆದಾರರ ಮಾಹಿತಿ ಆನ್‌ಲೈನ್‌ನಲ್ಲೇ ಕೊಟ್ಟೆವು. ಕರಾರಿನಲ್ಲಿ ಖೋಲಿ ಯಾವುದು, ಯಾವ ಬಾತ್‌ರೂಮು, ಅಡುಗೆಮನೆ ಯಾವ ಹೊತ್ತಿಗೆ, ವಿದ್ಯುತ್ತಿನ ಹೆಚ್ಚಳ ಯಾರದು, ಅತಿಥಿಗಳು ಉಳಿಯಬಹುದೇ, ಒಂದು ತಿಂಗಳ ನೋಟಿಸ್, ಎಲ್ಲ ಬರೆದೆವು. ಮೊಟ್ಟೆ ಆಗಬಹುದು, ಮೀನು ಬೇಡ ಎಂದು ಹೆಂಡತಿ ಬಾಯಲ್ಲೇ ಹೇಳಿದಳು. ಹುಡುಗಿ ನಕ್ಕು, "ಲಾತೂರಾತ್ ಮಾಸೆ ಕುಠೆ?" ಎಂದಳು. ಲಾತೂರಿನಲ್ಲಿ ಮೀನೆಲ್ಲಿ!

ಸೊಸೈಟಿಯ ಸೆಕ್ರೆಟರಿ ಮಾತ್ರ ಬಿಡಲಿಲ್ಲ. ಬಾಡಿಗೆದಾರರಿದ್ದಾರೆ, ನಾನ್-ಆಕ್ಯುಪೆನ್ಸಿ ಚಾರ್ಜ್ ಕೊಡಿ ಎಂದರು. ಮಹಾರಾಷ್ಟ್ರ ಸರ್ಕಾರದ 2001ರ ಆದೇಶದಂತೆ ಅದು ಸೇವಾ ಶುಲ್ಕದ ಶೇ 10 ದಾಟುವಂತಿಲ್ಲ. ಅವರು ಕೇಳಿದ್ದು ಅದರ ಮೂರು ಪಟ್ಟು. ಅದೂ ಹೋಗಲಿ, ಮಾಲೀಕ ತಾನೇ ವಾಸಿಸದ ಮನೆಗೆ ಹಾಕುವ ಶುಲ್ಕ ಅದು. "ನಾನು ಇಲ್ಲೇ ಇದ್ದೀನಲ್ಲ, ದಿನಾ ನಿಮಗೆ ಲಿಫ್ಟ್‌ನಲ್ಲಿ ಸಿಗ್ತೀನಲ್ಲ" ಎಂದೆ. ಪತ್ರ ಬರೆದು, ಕರಾರಿನ ಪ್ರತಿ ಲಗತ್ತಿಸಿ ಕೊಟ್ಟ ಮೇಲೆ ಮುಂದಿನ ಬಿಲ್ಲಿನಲ್ಲಿ ಆ ಸಾಲು ಮಾಯವಾಯಿತು. ಪುಣೆಯಲ್ಲಿ ವಾದಕ್ಕಿಂತ ಅರ್ಜಿಗೆ ಬೆಲೆ ಹೆಚ್ಚು.

ತೆರಿಗೆ ಲೆಕ್ಕ ಹೆದರಿದಷ್ಟು ಕೆಟ್ಟದ್ದಲ್ಲ. ನನ್ನ ಲೆಕ್ಕಪರಿಶೋಧಕರು ಆ ಖೋಲಿಯನ್ನು ಮನೆಯ ಆರನೇ ಒಂದು ಭಾಗವೆಂದು ಹಿಡಿದರು. ಬಾಡಿಗೆಯಿಂದ ಶೇ 30 ನೇರವಾಗಿ ಕಳೆಯಲು ಅವಕಾಶವಿದೆ. ಉಳಿದದ್ದರಲ್ಲಿ ಸಾಲದ ಬಡ್ಡಿಯ ಆರನೇ ಒಂದು ಪಾಲು ಕಳೆದರೆ ತೆರಿಗೆಗೆ ಸಿಗುವುದು ಚೂರು. ಆದರೆ ರಿಟರ್ನ್‌ನಲ್ಲಿ ತೋರಿಸಲೇಬೇಕು. ಬಾಡಿಗೆ ವರ್ಷಕ್ಕೆ ಒಂದು ಲಕ್ಷ ದಾಟಿದರೆ ಎಚ್‌ಆರ್‌ಎ ಕೇಳುವ ಬಾಡಿಗೆದಾರ ತನ್ನ ಕಂಪನಿಗೆ ನಮ್ಮ ಪ್ಯಾನ್ ಸಂಖ್ಯೆ ಕೊಡಬೇಕಾಗುತ್ತದೆ. ನಗದು ತಗೊಂಡರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಳ್ಳುವವರು ಇದನ್ನು ನೆನಪಿಡಬೇಕು.

ಹಾಗಾದರೆ ಲಾಭವೆಷ್ಟು ಎಂದು ಗೆಳೆಯರು ಕೇಳುತ್ತಾರೆ. ಬಾಡಿಗೆ 11,500. ಹೆಚ್ಚಿನ ನೀರು, ಗ್ಯಾಸ್, ಸವೆತ, ಕರಾರಿನ ಖರ್ಚು ಎಲ್ಲ ಕಳೆದರೆ ಕೈಗುಳಿಯುವುದು ಹತ್ತು ಸಾವಿರ. ನನ್ನ ಕಂತು ಏರಿದ್ದು 9,300. ಅಂದರೆ ಒಂದು ಕುಟುಂಬ ತನ್ನ ಮನೆಯ ಒಂದು ಖೋಲಿ ಬಿಟ್ಟುಕೊಟ್ಟು ಎರಡು ವರ್ಷ ಹಿಂದೆ ಎಲ್ಲಿತ್ತೋ ಅಲ್ಲೇ ನಿಂತಿತು. ನಿಂತಿದ್ದೇ ದೊಡ್ಡದು. 2025ರಲ್ಲಿ ಫೆಬ್ರುವರಿಯಿಂದ ಜೂನ್‌ವರೆಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಒಟ್ಟು ಶೇ 1ರಷ್ಟು ಇಳಿಸಿತು. ಕಂತು ಕಡಿಮೆ ಮಾಡಿಸಬೇಡ, ಹಾಗೇ ಇರಲಿ ಎಂದಳು ಹೆಂಡತಿ. ಈಗ ಎಕ್ಸೆಲ್‌ನಲ್ಲಿ 40 ವರ್ಷದ ಜಾಗದಲ್ಲಿ 13 ಇದೆ.

ಹೊಸದಾಗಿ ಫ್ಲ್ಯಾಟ್ ಕೊಳ್ಳುವ ಕಿರಿಯ ಗೆಳೆಯರಿಗೆ ನಾನು ನಕ್ಷೆ ತರಿಸಿ ನೋಡಲು ಹೇಳುತ್ತೇನೆ. ಸ್ವಿಮ್ಮಿಂಗ್ ಪೂಲ್ ಆಮೇಲೆ. ಒಂದು ಬೆಡ್‌ರೂಮು ಮುಖ್ಯ ಬಾಗಿಲಿನ ಪಕ್ಕದಲ್ಲೇ ಇದ್ದು, ಕಾಮನ್ ಬಾತ್‌ರೂಮು ಅದಕ್ಕೆ ಹತ್ತಿರವಿದ್ದರೆ, ಆ ಮನೆಯಲ್ಲಿ ಮುಂದೆಂದಾದರೂ ಖೋಲಿ ಕೊಡುವ ಹೊತ್ತು ಬಂದರೆ ಜೀವ ಹಗುರ. ನಮ್ಮ ಮೂರನೇ ಖೋಲಿಗೆ ಹಾಲ್ ದಾಟಿಯೇ ಹೋಗಬೇಕು.

ಈ ಯುಗಾದಿಗೆ ಅವ್ವ ಬಂದಿದ್ದಳು. ಹಾಲ್‌ನ ದಿವಾನದ ಮೇಲೆ ಹಾಸಿಕೊಟ್ಟೆವು. ಅವಳೇನೂ ಅನ್ನಲಿಲ್ಲ, ನನಗೇ ರಾತ್ರಿ ಎರಡು ಸಲ ಎದ್ದು ನೋಡುವ ಹಾಗಾಯಿತು. ಬೆಳಿಗ್ಗೆ ಏಳಕ್ಕೆ ನೈಟ್ ಡ್ಯೂಟಿ ಮುಗಿಸಿ ನರ್ಸ್ ಹುಡುಗಿ ಬಂದಳು. ಮಗು ಎಚ್ಚರವಾದೀತು ಎಂದು ಅವಳು ಬೆಲ್ ಒತ್ತುವುದಿಲ್ಲ, ಕೀಲಿ ಹಾಕಿ ಮೆಲ್ಲಗೆ ತೆಗೆಯುತ್ತಾಳೆ. ಅವ್ವ ಅಷ್ಟರಲ್ಲೇ ಎದ್ದು ಒಳಗಿನಿಂದ ಬಾಗಿಲು ತೆಗೆದಿದ್ದಳು. ನಾನು ಎದ್ದು ಬಂದಾಗ ಇಬ್ಬರೂ ಅಡುಗೆಮನೆಯಲ್ಲಿದ್ದರು. ಧಾರವಾಡದಿಂದ ತಂದ ಬಿಳಿಜೋಳದ ಹಿಟ್ಟನ್ನು ಹುಡುಗಿ ಅಂಗೈಯಲ್ಲಿ ಉಜ್ಜಿ ನೋಡುತ್ತ ಏನೋ ಹೇಳುತ್ತಿದ್ದಳು. ಅವ್ವ ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ, ನಿಮ್ಮ ಭಾಕರಿ ದಪ್ಪ, ನಮ್ಮ ರೊಟ್ಟಿ ತೆಳುವು ಎಂದು ವಾದಕ್ಕಿಳಿದಿದ್ದಳು.

ಬರುವ ತಿಂಗಳು ಅವಳ ಎರಡನೇ ಕರಾರು ಮುಗಿಯುತ್ತದೆ. ಹೆಂಡತಿಗೆ ಮತ್ತೆ ಕೆಲಸ ಸಿಕ್ಕಿದೆ, ಬಾಡಿಗೆ ಇಲ್ಲದೆಯೂ ಈಗ ನಡೆಯುತ್ತದೆ. ಖೋಲಿ ವಾಪಸ್ ತಗೊಳ್ಳೋಣ, ಅವ್ವ ಬಂದರೆ ಇರಲಿ ಎಂದು ನಾನು. ಹುಡುಗಿಯ ಮದುವೆ ನವೆಂಬರ್‌ನಲ್ಲಿದೆ, ಅಲ್ಲಿಯವರೆಗೆ ಇರಲಿ ಎಂದು ಹೆಂಡತಿ. ಏಜೆಂಟ್ ಎರಡು ಸಲ ಫೋನ್ ಮಾಡಿದ್ದಾನೆ. ಭಾನುವಾರ ಹೇಳ್ತೀನಿ ಎಂದಿದ್ದೇನೆ.